ಚುಕ್ಕೆ ಇಡುವ ಜಾಗ

ಕೂತುಕೋ ಮಾಲ್ಟೆ. ಆ ಸ್ಟೂಲಿನ ಮೇಲಲ್ಲ, ಅದಕ್ಕೆ ಗ್ರೀಸು ಮೆತ್ತಿದೆ.
ಹೀಟರಿನ ಹತ್ತಿರ ಬಾ. ಹೊರಗೆ ಮೈನಸ್ ಇಪ್ಪತ್ತೆರಡು,
ಮಧ್ಯಾಹ್ನ ಎರಡಕ್ಕೇ ಲಿಕ್ಸೆಲೆಯ ಬೀದಿದೀಪ ಹೊತ್ತಿವೆ.
ನೀನು ತಂದ ಚಿತ್ರ ನೋಡಿದೆ:
ನನ್ನ ಎರಡು ಮುಷ್ಟಿ ತುರುಕಿದರೂ ತುಂಬದ ಬಾಯಿ.
ಚೆಂದವೇ. ಯಾರು ಅಲ್ಲವೆಂದರು?

ಮೊದಲು ಹೇಳು, ದಾರಿ ಯಾವುದು?
ಗಾಡಿಯ ಕನಸಿನದ್ದಲ್ಲ, ನಿನ್ನದು.

ಮನೆಯಿಂದ ಮರದ ಮಿಲ್ಲಿಗೆ ಹದಿನೆಂಟು ಕಿಲೋಮೀಟರು.
ಎರಡು ವೃತ್ತ, ಒಂದು ಸೇತುವೆ,
ಶಾಲೆಯ ಮುಂದೆ ಮೂವತ್ತರ ಹಲಗೆ,
ಆಮೇಲೆ ಹಿಮಸಾರಂಗಗಳು,
ರಸ್ತೆ ತಮ್ಮ ಅಜ್ಜಂದೇ ಎಂಬಂತೆ ನಿಲ್ಲುವವು.
ಕೊನೆಗೆ ದಿಮ್ಮಿ ಹೊತ್ತ ಲಾರಿ,
ಅದನ್ನು ಹಿಂದಿಕ್ಕಲು ಸಿಗುವುದು ಒಂದೇ ಒಂದು ನೇರ.
ಇಷ್ಟರೊಳಗೆ ಮುಳ್ಳು ಐದು ಸಾವಿರ ಮುಟ್ಟಿದ್ದು ಎಷ್ಟು ಸಲ?
ಸುಳ್ಳು ಬೇಡ. ನಿನ್ನ ಕ್ಲಚ್ಚು ಬದಲಿಸಿದ್ದು ನಾನೇ.

ನಾಲ್ಕು ಸಿಲಿಂಡರಿನ ಹಳೆ ವೋಲ್ವೋ, ಅದರ ಹೊಗೆ
ಈ ಚಕ್ರಕ್ಕೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಪೆಡಲು ತುಳಿಯುತ್ತೀ. ಏನೂ ಇಲ್ಲ.
ಒಂದು.
ಎರಡು.
ಲಾರಿಯ ಕೆಂಪು ದೀಪ ಎಣಿಸುತ್ತೀ.
ಮೂರಕ್ಕೆ ಯಾರೋ ಬೆನ್ನಿಗೆ ಒದ್ದಂತೆ ಬಲ ಬರುತ್ತದೆ,
ಅಷ್ಟರಲ್ಲಿ ತಿರುವೂ ಬಂದಿರುತ್ತದೆ.

ಹಾಗಂತ ತೀರಾ ಚಿಕ್ಕದನ್ನೂ ಮಾರಲಾರೆ.
ಕರೆದ ಕೂಡಲೇ ಓಡಿ ಬರುತ್ತದೆ, ನಿಜ,
ನಾಲ್ಕು ಸಾವಿರ ದಾಟಿತೋ, ಗಂಟಲು ಕಟ್ಟಿತು.
ಹೊರಹೋಗಲಾರದ ಹೊಗೆ ಒಳಗೇ ನೂಕಾಡುತ್ತದೆ,
ಹಾಕಿ ಪಂದ್ಯ ಮುಗಿದ ಮೇಲೆ
ಒಂದೇ ಬಾಗಿಲು ತೆರೆದರೆ ಆಗುತ್ತಲ್ಲ, ಹಾಗೆ.

ಇಗೋ ನಕ್ಷೆ. ಹೆಬ್ಬೆಟ್ಟಿನ ಗುರುತಿನ ಹಾಗಿದೆ, ಹೆದರಬೇಡ.
ಕೆಳಗಿನ ಗೆರೆ ಗಾಳಿ, ಪಕ್ಕದ್ದು ಒತ್ತಡ.
ನಡುವಿನ ದ್ವೀಪದಲ್ಲಿ ಕೆಲಸ ಹಗುರ, ಗಾಳಿ ಅಷ್ಟು ಕಾಯುವುದಿಲ್ಲ.
ಎಡದಂಚು ದಾಟಿದರೆ ಉಸಿರು ಹಿಂದಕ್ಕೆ ತಿರುಗಿ ಕೆಮ್ಮುತ್ತದೆ,
ಬಲದಂಚಿನಾಚೆ ಎಷ್ಟು ತಿರುಗಿದರೂ ಬರೀ ಬಿಸಿ.
ಪೆನ್ಸಿಲ್ಲು ಚೂಪು ಮಾಡು.

ಸೊಲ್ವೆಗ್‌ಗೆ ವಯಸ್ಸಾಯಿತು ಅಂತ ಮಿಲ್ಲಿನಲ್ಲಿ ಆಡಿಕೊಳ್ಳುತ್ತಾರೆ.
ಆಡಿಕೊಳ್ಳಲಿ.
ಕಿಟಕಿಯಲ್ಲಿ ಬಿಲ್ಲುಗಳು ಹಾರದಂತೆ ಕೂತಿದೆಯಲ್ಲ,
ಅದು ಕಲ್ಲಲ್ಲ. ನನ್ನ ಇಪ್ಪತ್ತಮೂರನೆಯ ವರ್ಷ.
ಆರು ತಿಂಗಳ ಸಂಬಳ.
ಹೆಪ್ಪುಗಟ್ಟಿದ ಕೆರೆಯ ಮೇಲೆ ಒಮ್ಮೆ,
ಒಮ್ಮೆಯೇ, ಪೂರ್ತಿ ಬಾಯಿ ತೆರೆದು ಸಿಳ್ಳೆ ಹಾಕಿತು.
ಹನ್ನೊಂದು ಸೆಕೆಂಡು.
ಆ ಹನ್ನೊಂದಕ್ಕೆ ಈಗಲೂ ಬೇಸರವಿಲ್ಲ.
ಅದರ ಜೊತೆ ಎರಡು ವರ್ಷ
ಹಾಲು ಬ್ರೆಡ್ಡಿಗೆ ಹೋಗಿ ಬಂದೆನಲ್ಲ, ಅದಕ್ಕಿದೆ.

ಚುಕ್ಕೆ ಇಲ್ಲಿಡು.
ದ್ವೀಪದ ನೆತ್ತಿಯ ಮೇಲಲ್ಲ, ತುಸು ಎಡಕ್ಕೆ,
ಎರಡೂವರೆ ಸಾವಿರದ ಆಸುಪಾಸು,
ಪಾಳಿ ಮುಗಿಸಿ ಕಣ್ಣು ಎಳೆಯುವಾಗಲೂ
ನೀನು ದಿನಾ ಇರುವ ಜಾಗ.
ಇನ್ನೂ ಎಡಕ್ಕೆ ಬೇಡ, ಕೆಮ್ಮೀತು.
ಸರಿ. ಇದಕ್ಕೆ ಒಪ್ಪುವ ಅಳತೆಯದು ನನ್ನ ಹತ್ತಿರ ಇದೆ,
ಎರಡನೇ ಕೈಯದು, ಬೇರಿಂಗು ಹೊಸದು,
ನೋಡಲು ಏನೇನೂ ಇಲ್ಲ.

ಮತ್ತೆ ಕಿಟಕಿಯ ಕಡೆಗೇ ನೋಡುತ್ತಿದ್ದೀ.
ಹೋಗು, ಎತ್ತಿ ನೋಡು, ಬಿಲ್ಲು ಬೀಳಿಸಬೇಡ.
ಬೆರಳ ತುದಿಯಿಂದ ಆ ಚಕ್ರವನ್ನೊಮ್ಮೆ ಮುಟ್ಟು.
ಇನ್ನೂ ತಿರುಗುತ್ತದೆ.
ಅದೇ ಕಷ್ಟ.