ಬಾರದ ಗೆರೆ

ಬಸುರಿನ ಪಟ್ಟಿಯಲ್ಲಿ ಗೆರೆ ಮೂಡಿದರೆ ಉಂಟು.
ಇದರಲ್ಲಿ ಗೆರೆ ಮೂಡಿದರೆ ಇಲ್ಲ.
ಈ ಉಲ್ಟಾ ಲೆಕ್ಕ ತಲೆಗೆ ಹತ್ತಲು
ನನಗೇ ಒಂದು ವಾರ ಬೇಕಾಯಿತು;
ಪೇದೆ ಗಿರಿಯಣ್ಣನಿಗೆ ಇನ್ನೂ ಹತ್ತಿಲ್ಲ.
ಗೆರೆ ಕಂಡರೆ ಸಾಕು, ಸಿಕ್ಕಿಬಿದ್ದ! ಅನ್ನುತ್ತಾನೆ.
ಗೆರೆ ಬಂದವ ಬಚಾವು ಮಾರಾಯ,
ಬಾರದವನನ್ನು ಹಿಡಿ, ಎಂದು
ಪ್ರತಿ ಸಲ ಹೇಳಬೇಕು.

ಮೊದಲು ತಿಂಗಳಿಗೆ ಮೂರೋ ನಾಲ್ಕೋ ಬರುತ್ತಿದ್ದವು.
ಈಗ ಬೆಳಗಿನ ಚಹಾಕ್ಕೂ ಮುಂಚೆ
ಟ್ರೇ ತುಂಬ ಬಿಳಿ ಮುಚ್ಚಳ:
ಅರಗಾದ ಗೇಟಿನೊಳಗೆ ಗಾರೆ ಕೆಲಸಕ್ಕೆ ಹೋಗುವವರು,
ಗ್ಯಾಸ್ ಟ್ಯಾಂಕರಿನ ಡ್ರೈವರು,
ಹಡಗು ಹತ್ತಲಿರುವ ಕೋಡಿಬಾಗದ ಹುಡುಗರು,
ಹಾಸ್ಟೆಲಿನಿಂದ ವಾರ್ಡನ್ ಎಳೆದುತಂದ ಇಬ್ಬರು.
ಒಬ್ಬ ಅಳುತ್ತಾನೆ. ಇನ್ನೊಬ್ಬ ಗೋಡೆಯ ಮೇಲಿನ
ಪೋಲಿಯೋ ಮಕ್ಕಳನ್ನು ಎಣಿಸುತ್ತಾನೆ.

ನಮ್ಮ ಪಟ್ಟಿಗೆ ಗೊತ್ತಿರುವುದು ಐದೇ ಹೆಸರು.
ಗಾಂಜಾ ಗೊತ್ತು, ಅಫೀಮು ಗೊತ್ತು.
ಮಾಜಾಳಿಯ ಗೇಟು ದಾಟಿ ಬರುವುದಕ್ಕೆ
ವಾರಕ್ಕೊಂದು ಹೊಸ ಹೆಸರು:
ನಾಲಗೆಯ ಮೇಲಿಡುವ ಕಾಗದದ ಚೂರು,
ಮಕ್ಕಳ ಮಿಠಾಯಿಯಂಥ ಗುಲಾಬಿ ಗುಳಿಗೆ.
ಗೋವೆಯನ್ನೇ ಯಾಕೆ ದೂರಬೇಕು,
ಇಲ್ಲೇ ಬಸ್‌ಸ್ಟ್ಯಾಂಡಿನ ಹಿಂದೆ
ಚೀಟಿ ಕೇಳದೆ ಕೊಡುವ ನೋವಿನ ಮಾತ್ರೆ.
ಇವುಗಳ ಮುಂದೆ ಪಟ್ಟಿ ಕಣ್ಣು ಮುಚ್ಚಿ
ಗೆರೆ ಎಳೆಯುತ್ತದೆ: ಇಲ್ಲ, ಇಲ್ಲ, ಇಲ್ಲ.
ಕೆಮ್ಮಿನ ಔಷಧಿ ಕುಡಿದ ಮುದುಕನನ್ನು ಮಾತ್ರ
ಅಫೀಮಿನವನೆಂದು ಕಟಕಟೆ ಹತ್ತಿಸುತ್ತದೆ.
ಖಾತ್ರಿ ಬೇಕಾದರೆ ದೊಡ್ಡ ಲ್ಯಾಬಿಗೆ ಕಳಿಸಬೇಕು.
ಅಲ್ಲಿಂದ ಉತ್ತರ ಬರುವಷ್ಟರಲ್ಲಿ
ಕೆಲಸ ಹೋಗಿರುತ್ತದೆ,
ಇಲ್ಲವೆ ಹಡಗು.

ಯತೀಶ ಬಾನಾವಳಿಕರ, ಇಪ್ಪತ್ತೆರಡು.
ಬಾಟಲಿಯ ಹೊಟ್ಟೆಗಂಟಿದ ಶಾಖದ ಚೀಟಿ
ಹಸಿರು ತೋರಿಸಿತು, ಸರಿಯಾದ ಬಿಸಿ.
ತೊಡೆಸಂದಿನಲ್ಲಿ ಬಚ್ಚಿಟ್ಟು ತಂದರೂ
ಇಷ್ಟೇ ಬಿಸಿ ಇರುತ್ತದೆ.
ನನಗೂ ಗೊತ್ತು. ಅವನಿಗೂ ಗೊತ್ತು.
ಬಾಗಿಲ ಹೊರಗೆ ನಿಲ್ಲುವುದಷ್ಟೇ ನನ್ನ ನಿಯಮ.
ಐದೂ ಗೆರೆ ಬಂದವು,
ಶಾಲೆಯ ಹುಡುಗಿ ಸ್ಕೇಲಿಟ್ಟು ಎಳೆದ ಹಾಗೆ.
ಕಂಡುಬಂದಿಲ್ಲ, ಎಂದು ಬರೆದೆ.
ಸೀಲು ಹೊಡೆದೆ.
ಮೆಟ್ಟಿಲು ಎರಡೆರಡು ಹಾರಿ ಇಳಿದುಹೋದ.

ಮಧ್ಯಾಹ್ನ ಬಂಗಡೆ ಸಾರಿನ ಡಬ್ಬಿ ತೊಳೆಯಲು ಎದ್ದರೆ
ಸಿಂಕಿನ ಪಕ್ಕ ಇರುವೆ.
ಕಿಟಕಿಯ ಚೌಕಟ್ಟಿನಿಂದ ಇಳಿದು,
ಮೂವತ್ತೊಂದು ಬಾಟಲಿ ಬದಿಗಿಟ್ಟು
ನೆಟ್ಟಗೆ ಅವನದಕ್ಕೆ.
ಪಟ್ಟಿಗೆ ಎಳೆಯಲು ಬಾರದ ಗೆರೆಯೊಂದನ್ನು
ಇರುವೆಗಳು ಎಳೆದಿದ್ದವು, ಕಪ್ಪಗೆ, ತುಸು ಅಂಕುಡೊಂಕು.

ಯಾರೂ ಕೇಳದ ಇನ್ನೊಂದು ಕಡ್ಡಿ ಅದ್ದಿದೆ.
ನೀಲಿ ಚೌಕ ಹಸಿರಾಯಿತು, ಹಸಿರು ಕಂದು,
ಕಂದು ಸುಟ್ಟ ಬೆಲ್ಲ.

ಫೋನು ಮಾಡಿದೆ.
"ರಿಪೋರ್ಟು ಆಯ್ತಲ್ರಿ ಬಾಯೋರೆ?"
ಆಯ್ತು. ಆದರೆ ಅದು ಯಾರದ್ದೋ,
ಅವರನ್ನು ನಾಳೆ ಕಳಿಸು. ಬರಿಹೊಟ್ಟೆಯಲ್ಲಿ.
ಆ ಕಡೆ ಮಾತಿಲ್ಲ. ಬೈತಖೋಲಿನಲ್ಲಿರಬೇಕು,
ಮಾತಿಲ್ಲದ ಜಾಗದಲ್ಲಿ ಬೋಟಿನ ಇಂಜಿನ್ನು.
"ಅಪ್ಪ ಬೀಡಿ ಸಹ ಮುಟ್ಟೂದಿಲ್ಲ," ಎಂದ.
"ಮನೆಯಲ್ಲಿ ಸಾಫ್ ಅಂದ್ರೆ ಅವರೊಬ್ರೇ.
ಅದಕ್ಕೇ..."
ಆಮೇಲೆ, ಬೇರೆ ಯಾರದೋ ದನಿಯಲ್ಲಿ,
"ಕಾಲಿನ ಗಾಯ ಒಣಗ್ತಾ ಇಲ್ಲ.
ಮೀನಿನ ಮುಳ್ಳು ಅಂದ್ಕಂಡಿದ್ವಿ."

ಬಂದರು. ಇಸ್ತ್ರಿ ಅಂಗಿ, ಒಂದು ಕಾಲಿಗೆ ಚಪ್ಪಲಿ,
ಇನ್ನೊಂದಕ್ಕೆ ಬಟ್ಟೆ.
ಕಿಟಕಿಯಾಚೆ ಬೈಕಿನ ಮೇಲೆ ಮಗ,
ಹೆಲ್ಮೆಟ್ ತೆಗೆದಿಲ್ಲ.
ಕಾಗದದ ಮೇಲೆ ಅವನು ಸ್ವಚ್ಛ,
ಅದರ ಕೆಳಗೆ ನನ್ನ ಸಹಿ.
ರಾತ್ರಿಯೆಲ್ಲ ಆ ಸಹಿ
ಫ್ಯಾನಿನ ಹಾಗೆ ತಲೆಯ ಮೇಲೆ ತಿರುಗಿತ್ತು.
ಹೊರಗೆ ಹೋಗಿ ಅವನನ್ನೂ ಕರೆಯಬೇಕು.
ಕರೆದು ಏನೆಂದು ಹೇಳಬೇಕು?

ತೋಳಿಗೆ ರಬ್ಬರು ಬಿಗಿದೆ.
ಬಲೆ ಎಳೆದ ತೋಳು, ನರ ಬೇಗ ಸಿಗಲಿಲ್ಲ.
"ಹಡಗಿನವರು ಮನೆಯವರದ್ದೂ ಕೇಳ್ತಾರಂತಲ್ಲ,
ನನ್ನದು ಪಾಸಾಯ್ತೇನ್ರಿ ಬಾಯೋರೆ?"
ಮುಖದಲ್ಲಿ ಪರೀಕ್ಷೆ ಬರೆದ ಹುಡುಗನ ನಗು.

ಸೂಜಿ ಇಳಿಯಿತು. ರಕ್ತ ಬಂತು.
ಮುಷ್ಟಿ ಬಿಡಿ, ಎಂದೆ.