ಹನ್ನೊಂದು ಹೆಜ್ಜೆ

ಭಾನುವಾರದ ಫೋನು. ಹತ್ತೇ ನಿಮಿಷ.
ಇಲ್ಪೊ ತನ್ನ ಬಗ್ಗೆ ಒಂದು ಮಾತೂ ಆಡುವುದಿಲ್ಲ.
"ಗೂಡಿನ ಬಾಯಿ ಯಾವ ದಿಕ್ಕಿಗೆ ಇಟ್ಟೆ?"
ಆಗ್ನೇಯಕ್ಕೆ, ಅಂದೆ.
"ಸರಿ. ವಾಯವ್ಯದ ಗಾಳಿ
ಕೆರೆಯ ಚಳಿಯನ್ನೆಲ್ಲ ಹೊತ್ತು ತರುತ್ತೆ."
ಗೊತ್ತು ಕಣೋ, ನಾನೂ ಇದೇ ದಂಡೆಯಲ್ಲಿ ಹುಟ್ಟಿದವಳು,
ಎನ್ನಲಿಲ್ಲ. ಹತ್ತೇ ನಿಮಿಷ.

ಅಕ್ಟೋಬರಿನಲ್ಲಿ ಅವನನ್ನು ಒಯ್ದರು.
ನಾಯಿಯನ್ನು ನನ್ನ ಬಸ್ಸಿನಲ್ಲೇ ತಂದೆ,
ಕುಹ್ಮೋದಿಂದ ಕೊನೆಯ ಟ್ರಿಪ್ಪು, ಖಾಲಿ ಸೀಟುಗಳ ನಡುವೆ
ತುಹ್ಕಾ (ಬೂದಿ ಅಂತ ಅರ್ಥ, ಬಣ್ಣವೂ ಅದೇ)
ಟಿಕೆಟ್ಟಿಲ್ಲದ ಪ್ರಯಾಣಿಕಳ ಹಾಗೆ ಮುದುಡಿ ಕೂತಿದ್ದಳು.
ಮನೆಯೊಳಗೆ ಬಾ ಅಂದರೆ ಬರುವವಳಲ್ಲ;
ಎಲ್ಕ್ ಬೇಟೆಯ ತಳಿ, ಒಲೆಯ ಹತ್ತಿರ ಏದುಸಿರು,
ಹೊಸಿಲಾಚೆ ಹಿಮದಲ್ಲಿ ಮೂಗು ತೂರಿಸಿದರೆ ನೆಮ್ಮದಿ.

ಹಾಗಾಗಿ ಕಟ್ಟಿದೆ. ಪಕ್ಕದ ಮನೆಯ ಸುಲೋ
ಹಾರೆ ಹೊತ್ತು ಬಂದ. ನೆಲ ಹೆಪ್ಪುಗಟ್ಟುವ ಮುಂಚೆ
ತಂತಿಬಲೆಯನ್ನು ಮೊಳದುದ್ದ ಮಣ್ಣೊಳಗೆ ಹೂತೆವು.
"ತೋಡುವವಳು ಅವಳು, ಅಪ್ಪನ ಆಲೂಗಡ್ಡೆ ಪಾತಿಯನ್ನೇ
ಒಂದು ರಾತ್ರಿಯಲ್ಲಿ ಮಗುಚಿದವಳು" ಎಂದಿದ್ದ ಇಲ್ಪೊ.
ಗೂಡಿನಡಿ ಇಟ್ಟಿಗೆ, ಗೇಣೆತ್ತರ, ನೆಲದ ಥಂಡಿ ತಾಗದಂತೆ.
ಒಳಗೆ ಜಾಗ ಹೆಚ್ಚಿರಬಾರದು:
ಅವಳ ಮೈಬಿಸಿಯೇ ಅಲ್ಲಿನ ಒಲೆ.

ನಾನು ಅಮ್ಮ ನೇಯ್ದ ಕಂಬಳಿ ಹಾಸಿದೆ, ಪ್ರೀತಿ ಅಂದುಕೊಂಡು.
ಬೆಳಿಗ್ಗೆ ಅದು ಹಲಗೆ. ಉಸಿರಿನ ತೇವ ಕುಡಿದು
ಸೆಟೆದುಕೊಂಡಿತ್ತು, ಒದ್ದರೆ ಠಕ್ಕೆನ್ನುವಷ್ಟು.
ಫೋನಿನಲ್ಲಿ ಅವನು ಮೊದಲ ಬಾರಿ ನಕ್ಕ:
"ಹುಲ್ಲು ಹಾಕೇ ಹೆಲ್ಕಾ, ಒಣ ಓಟ್ಸ್ ಹುಲ್ಲು.
ಕಂಬಳಿ ಮನುಷ್ಯರಿಗೆ."
ಎರಡು ಪಿಂಡಿ ತಂದೆ. ಅವಳು ಮೂರು ಸುತ್ತು ಸುತ್ತಿ
ತನ್ನದೇ ಅಳತೆಯ ಬಟ್ಟಲು ಮಾಡಿಕೊಂಡಳು.

ನೀರು ದಿನಕ್ಕೆ ಮೂರು ಸಲ, ಬೆಚ್ಚಗೆ,
ಒಂದು ಸೌಟು ಮೀನಿನ ಸಾರು ಬೆರೆಸಿ.
ತಗಡಿನ ಬೋಗುಣಿಗೆ ನಾಲಿಗೆ ಅಂಟುತ್ತದೆ; ರಬ್ಬರಿನದಾದರೆ
ಹೆಪ್ಪುಗಟ್ಟಿದ್ದನ್ನು ನೆಲಕ್ಕೆ ಕುಕ್ಕಿ ಉದುರಿಸಬಹುದು.
ಶಿಫ್ಟಿಗೆ ಮುಂಚೆ ನಾನು, ಮಧ್ಯಾಹ್ನ ಸುಲೋ, ರಾತ್ರಿ ಮತ್ತೆ ನಾನು.
ಬೆರಳ ಸಂದಿಯ ಹಿಮದುಂಡೆ ಬಿಡಿಸುವಾಗ
ಮುಖ ನೋಡದೆ ಕೈ ನೆಕ್ಕುತ್ತಾಳೆ.

ಡಿಸೆಂಬರಿನಲ್ಲಿ ಅಗುಳಿ ತೆಗೆಯುವುದನ್ನು ಕಲಿತಳು.
ಮೂಗಿನಿಂದ ಎತ್ತಿ, ಭುಜದಿಂದ ನೂಕಿ.
ಕಾಡಿಗೆ ಓಡಲಿಲ್ಲ. ಬಸ್ ನಿಲ್ದಾಣದ ಕಂಬದ ಬುಡದಲ್ಲಿ
ಕೂತಿದ್ದಳು, ಬೆನ್ನ ಮೇಲೆ ಬೆರಳುದ್ದ ಹಿಮ.
ನನ್ನ ಬಸ್ಸಿನ ದೀಪಕ್ಕೆ ಎದ್ದು ನಿಂತಳು. ಬಾಗಿಲು ತೆರೆದಾಗ
ನನ್ನನ್ನು ದಾಟಿ ಒಳಗೆ ನೋಡಿದಳು, ಒಂದೊಂದೇ ಸೀಟು.
ಯಾರೂ ಇಳಿಯಲಿಲ್ಲ.

ಇದನ್ನು ಅವನಿಗೆ ಹೇಳಲಿಲ್ಲ. ಅಗುಳಿಗೊಂದು ಕೊಕ್ಕೆ ಹಾಕಿದೆ ಅಂದೆ,
ಬಂಡೆ ಹತ್ತುವವರು ಬಳಸುವಂಥದ್ದು, ತಿರುಪು ಇರುವುದು.
"ಒಳ್ಳೇದು" ಅಂದ. ಸ್ವಲ್ಪ ಹೊತ್ತು ಬರೀ ಲೈನಿನ ಗುಂಯ್.
"ಆ ತುದಿಯಿಂದ ಈ ತುದಿಗೆ ಎಷ್ಟು ಹೆಜ್ಜೆ?"
ಹನ್ನೊಂದು.
"ನಿನ್ನವೋ, ಅವಳವೋ?"
ನನ್ನವು.
ಬಾಯೊಳಗೇ ಏನೋ ಎಣಿಸಿಕೊಂಡ.
"ಇನ್ನೊಂದೆರಡು ಸೇರಿಸೋಕಾಗುತ್ತಾ, ನೆಲ ಕರಗಿದ ಮೇಲೆ?
ರಸ್ತೆ ಕಾಣೋ ಕಡೆಗೆ, ಅಂದ್ರೆ,"
ಸಮಯ ಮುಗಿಯಿತು.

ಸುಲೋನ ಕೊಟ್ಟಿಗೆಯಲ್ಲಿ ಬಲೆ ಉಳಿದಿದೆಯೇ
ಕೇಳಬೇಕು.