ನೂರಾ ಐವತ್ತೆರಡು

ಹಿಮ್ಮಡ ಎತ್ತಬ್ಯಾಡ, ಗಂಗಿ.
ಹದಿನೇಳು ವರ್ಷ ಸಾಲಾಗಿ ನಿಂತವರ
ಹಿಮ್ಮಡ ನೋಡಿದ ಕಣ್ಣು ಇದು.
ಚೌಕಟ್ಟಿಗೆ ಬೆನ್ನು ಹಚ್ಚಿ ನೆಟ್ಟಗ ನಿಲ್ಲು,
ತುರುಬು ಬಿಚ್ಚು, ಅದರ ಎತ್ತರ ಲೆಕ್ಕಕ್ಕಿಲ್ಲ.
ನಾನೂ ಒಂದ ಕಾಲಿಲೆ ನಿಂತೀನಿ, ಲಗೂ ಮುಗಸೂಣು.

ನಿಮ್ಮವ್ವನ ಹೊಲಿಗಿ ಟೇಪು
ನೂರಾ ಐವತ್ತಕ್ಕ ಮುಗದ ಹೋಗ್ತೈತಿ.
ಮುಂದಿಂದು ನನ್ನ ಬೆರಳಿನ ಲೆಕ್ಕ.

ಬಣಕಾರ ಟೀಚರು ಕೊಟ್ಟ ಹಾಳ್ಯಾಗ
‘ಹತ್ತನೇ ತರಗತಿಯ ನಂತರ?’ ಅಂತ ಕೇಳಿ
ಬೆರಳುದ್ದ ಜಾಗ ಬಿಟ್ಟಾರ.
ಗಂಗಿಮಾಳವ್ವ ಅಂತ ಪೂರ್ತಿ ಹೆಸರು ಬರದರ
ಅದ ಹಿಡಿಯೂದಿಲ್ಲ ಅದರಾಗ.
ನೀ ಬರದ ‘ಮಿಲಿಟರಿ ನರ್ಸಿಂಗ್’ ಗೆರಿ ದಾಟಿ
‘ತಂದೆಯ ಉದ್ಯೋಗ’ದ ಮನಿಯೊಳಗ ಹೊಕ್ಕೈತಿ.
ನಿಮ್ಮಪ್ಪ ಓದಿದ, ಮಡಚಿದ, ನನ್ನ ಕಡೆ ದಬ್ಬಿದ:
ಕೆಡಿಸಿದಾಂವ ನೀನ, ತಿಳಿ ಹೇಳಾಂವನೂ ನೀನ.

ತಿಳಿ ಹೇಳಾಕ ಕುಂತೆ.
ಊರಿಗೆ ಗೊತ್ತಿರೂದು ಗುಂಡಿನ ಕತಿ.
ಕಟಿಂಗ್ ಅಂಗಡ್ಯಾಗ ನಾನ ಎರಡು ಸಲ ಹೇಳೀನಿ,
ಎರಡನೇ ಸಲ ಗುಂಡು ಜಾಸ್ತಿ ಇದ್ದವು.
ನಿನಗ ಖರೇ ಹೇಳ್ತೀನಿ, ಬಾಯಿ ಬಿಡಬ್ಯಾಡ.
ಮಳಿಗೆ ರಸ್ತೆ ಕುಸೀತು, ರೇಷನ್ ಟ್ರಕ್ಕು ಮಗುಚಿತು,
ಆಲೂಗಡ್ಡಿ ಚೀಲದ ಬುಡಕ ನನ್ನ ಕಾಲು.
ವೈರಿ ಅಂದ್ರ ಆಲೂಗಡ್ಡಿ.

ಉಧಂಪುರದ ವಾರ್ಡಿನಾಗ ಕಣ್ಣು ತಗದಾಗ
ಹೆಂಗಸು ಅಂತ ತಿಳಿಯೂ ಮೊದಲ
ಆಕಿ ಹೆಗಲ ಮ್ಯಾಲಿನ ಎರಡು ಚುಕ್ಕಿ ಕಂಡ್ವು.
ಮಲಗಿದಲ್ಲಿಂದನ ಕೈ ಹಣಿಗೆ ಹೋತು,
ಸಲೈನಿನ ಸೂಜಿ ಕಿತ್ತು ರಕ್ತ ಚಿಮ್ಮಿತು.
ಬೈದಳು ನೋಡು!
ಅವ್ವ ಬೈದಂಗಲ್ಲ, ಸಾಹೇಬರು ಬೈದಂಗ.
ಬೈತಾ ಬೈತಾನ ಹೊಸ ಸೂಜಿ ಚುಚ್ಚಿದ್ಲು,
ಚುಚ್ಚಿದ್ದು ನನಗ ತಿಳೀಲಿಲ್ಲ.

ರಾತ್ರಿ, ಇಲ್ಲದ ಕಾಲು ತುರಸ್ತಿತ್ತು.
ಬಾಜೂ ಮಂಚದಾಗ ಹತ್ತೊಂಬತ್ತರ ಹುಡುಗ
ಯಾವ ಭಾಷಾದಾಗೋ ಅವ್ವನ್ನ ಕರೀತಿದ್ದ.
ಆ ಭಾಷಾ ಆಕಿಗೂ ಬರತಿರಲಿಲ್ಲ,
ಕುರ್ಚಿ ಎಳಕೊಂಡು ಕುಂತಳು.
ಮುಂಜಾನೆ ಮಂಚ ಖಾಲಿ. ಹೊಸಾ ಚಾದರ,
ನಾಲ್ಕೂ ಮೂಲಿ ಸಮ ಮಡಚಿದ್ದು.
ಮಡಚಿದಾಕಿನೂ ಆಕಿನ.

ಇದನ್ನ ಹೇಳಿ ಅಂಜಸಬೇಕಂತ ಮಾಡಿದ್ದೆ.
ನೀ ಅಂಜಲಿಲ್ಲ, ಅಳಲೂ ಇಲ್ಲ. ಕೇಳಿದ್ದು ಇಷ್ಟ:
‘ಕಾಕಾ, ಆಕಿ ಊಟ ಯಾವಾಗ ಮಾಡ್ತಿದ್ಲು?’

ಎರಡು ತಿಂಗಳು ಆ ಕೈಯಾಗಿನ ತುತ್ತು ತಿಂದೀನಿ, ಮಗಾ.
ಕೇಳೇ ಇಲ್ಲ.

ಆವತ್ತ ರಾತ್ರಿ ಬೀಜದ ಗೋಡೌನಿನ ಮುಂದ
ಬ್ಯಾಟರಿ ಹಿಡಕೊಂಡು ಕುಂತಾಗ ಅದ ತಲ್ಯಾಗ.
ಒಳಗ ಇದ್ದದ್ದು ಟೊಮ್ಯಾಟೊ ಬೀಜ, ಬಂಗಾರದ ರೇಟಿಂದು,
ಸೂಟಿ ಬಿದ್ದಾಗ ನೀ ಕ್ರಾಸಿಂಗಿಗೆ ಹೋಗಿದ್ದ ಪ್ಲಾಟಿಂದು.
ನೋಡೀನಿ ನಾ ನಿನ್ನ, ಮೆಡ್ಲೇರಿ ರಸ್ತ್ಯಾಗ ಸೈಕಲ್ ನಿಲ್ಲಿಸಿ ಬಂದು:
ಚಿಮಟದ ತುದೀಲೆ ಮೊಗ್ಗು ಬಿಡಿಸಿ
ಒಳಗಿಂದು ತಗದಿ, ಹೂವಿಗೆ ಗೊತ್ತಾಗಧಂಗ.
ಪಕ್ಕದ ಸಾಲಿನ ಹುಡುಗಿ ಬಿಸಿಲಿಗೆ ಬಿದ್ದಾಗ
ಎಲ್ಲಾರೂ ಒದರಿದ್ರು,
ನೀ ಮೊದಲು ಚಿಮಟ ಕಿಸೆದಾಗ ಇಟ್ಟಿ, ಆಮ್ಯಾಲೆ ಓಡಿದಿ.
ಆ ಕಿಸೆದಾಗ ಇಡೂದು ಐತಲ್ಲ, ಅದನ್ನ
ನಾವು ಆರು ತಿಂಗಳು ಬಡದು ಕಲಸ್ತಿದ್ವಿ.

ನಿಮ್ಮಪ್ಪಗ ಏನ ಹೇಳಲಿ, ಇನ್ನೂ ಹೊಳದಿಲ್ಲ.
ಸೈನ್ಸು ತಗೋ. ಬಯಾಲಜಿ ಬಿಡಬ್ಯಾಡ.
ಇಂಗ್ಲಿಷು ನಿನಗೂ ಬರಾಂಗಿಲ್ಲ, ನನಗೂ ಬರಾಂಗಿಲ್ಲ,
ಕಲತರ ಇಬ್ರೂ ಕೂಡೇ ಕಲಿಯೂಣು.
ದೂರ ಹೋಗಬೇಕಾಗ್ತೈತಿ, ಬರಿಯೂದು ಐತಿ,
ಅದರಾಗ ಬಿದ್ದರ ನಾಚೂದು ಬ್ಯಾಡ.

ಪೆನ್ಸಿಲ್ ಕೊಡಿಲ್ಲಿ.
ಟೇಪಿನ ಮ್ಯಾಲೆ ಅರ್ಧ ಬೆರಳು. ನೂರಾ ಐವತ್ತೊಂದು ಆಗಬಹುದು.
ಅವರು ಕೇಳೂದು ನೂರಾ ಐವತ್ತೆರಡು.
ಸುಳ್ಳು ಗೆರಿ ಹೊಡಿಯೂದಿಲ್ಲ ನಾ,
ಗುಂಡಿನ ಕತಿ ಒಂದು ಸಾಕು ಈ ಮನಿಗೆ.
ನಿನ್ನ ಗೆರಿ ಇಲ್ಲಿ. ಅವರ ಗೆರಿ ಅಲ್ಲಿ.
ನಡುವ ಎರಡು ವರ್ಷ ಐತಿ, ಜ್ವಾಳದ ರೊಟ್ಟಿ ಐತಿ.

ಸರಿ ಈಗ, ಡ್ಯೂಟಿಗೆ ಹೊತ್ತಾತು.
ಮಂಚದ ಕೆಳಗ ನನ್ನ ಕಾಲು ಐತಿ, ತಗೊಂಬಾ.
ಪಟ್ಟಿ ನಾನ ಬಿಗೀತೀನಿ.
ಬ್ಯಾಡಂದೆ… ಹೂಂ, ಬಿಗಿ.
ಇನ್ನೊಂದು ತೂತು ಒಳಗ.